ಮನೆ ಗ್ಯಾರೇಜಿನ ಹಳೇ ಕಾರು: ಒಂಬತ್ತು ವರ್ಷದ ಲೆಕ್ಕ

ಇಂಡೆಕ್ಸ್ ಫಂಡ್, 401(ಕೆ), ಊರಲ್ಲಿ ಸೈಟು, ಎನ್‌ಆರ್‌ಇ ಡೆಪಾಸಿಟ್ಟು. ಸಾಮಾನ್ಯವಾಗಿ ಇಲ್ಲಿ ಚರ್ಚೆಯಾಗುವುದು ಇವೇ. ಆದರೆ ಈಚೆಗೆ ಬೇರೊಂದು ಪ್ರಶ್ನೆ ಪದೇ ಪದೇ ಬರುತ್ತಿದೆ. ಕೇಳುವವರು ಹೆಚ್ಚಾಗಿ ಮೂವತ್ತರ ಆಸುಪಾಸಿನ ಹುಡುಗರು, ಒಂದಿಬ್ಬರು ಹುಡುಗಿಯರೂ ಇದ್ದಾರೆ. "ಸರ್, 90ರ ದಶಕದ ಜಪಾನಿ ಕಾರುಗಳ ರೇಟು ಏರ್ತಾನೇ ಇದೆ. ಒಂದನ್ನ ತಗೊಂಡು, ಸ್ವಲ್ಪ ಮಾಡಿಫೈ ಮಾಡಿ, ರಿಪೇರಿಯನ್ನೂ ನಾನೇ ಮಾಡ್ಕೊಂಡ್ರೆ ಒಳ್ಳೇ ಇನ್ವೆಸ್ಟ್‌ಮೆಂಟ್ ಆಗಲ್ವಾ?"

ಚಿಕ್ಕ ಉತ್ತರ: ಆಗಲ್ಲ. ಆದರೂ ನಾನು ಒಂದು ಇಟ್ಟುಕೊಂಡಿದ್ದೇನೆ, ಒಂಬತ್ತು ವರ್ಷದಿಂದ. 1994ರ ಮಾಜ್ಡಾ ಮಿಯಾಟ, ಎರಡೇ ಸೀಟು, ಬಟ್ಟೆಯ ಟಾಪು. ಫ್ರೀಮಾಂಟ್‌ನಲ್ಲಿರುವ ನಮ್ಮ ಮನೆಯ ಗ್ಯಾರೇಜಿನ ಅರ್ಧ ಜಾಗ ಅದರದ್ದು. ಕೊಂಡ ದಿನದಿಂದ ಪ್ರತಿ ರಶೀದಿಯೂ ಒಂದು ಸ್ಪ್ರೆಡ್‌ಶೀಟಿನಲ್ಲಿದೆ. ಹೊಟ್ಟೆಪಾಡಿನ ಕೆಲಸವೇ ಕಂಪನಿಗಳ ಲೆಕ್ಕ ಬಿಡಿಸಿ ನೋಡುವುದು, ಹಾಗಾಗಿ ಮನೆಯ ಕಾರಿಗೂ ಆ ಅಭ್ಯಾಸ ಬಿಟ್ಟಿಲ್ಲ. ಆ ಹಾಳೆಯನ್ನು ಇವತ್ತು ನಿಮ್ಮ ಮುಂದೆ ಬಿಚ್ಚಿಡುತ್ತೇನೆ.

ರೇಟು ಏರಿದ್ದು ನಿಜ, ಲಾಭ ಬಂತೇ?

ಮಿಯಾಟ ಮೊದಲು ಕಾಣಿಸಿಕೊಂಡಿದ್ದು 1989ರ ಫೆಬ್ರವರಿಯಲ್ಲಿ, ಶಿಕಾಗೋ ಆಟೋ ಶೋದಲ್ಲಿ. ಆಗ ಅಮೆರಿಕದಲ್ಲಿ ಅದರ ಆರಂಭಿಕ ಬೆಲೆ 13,800 ಡಾಲರ್. 2016ರಲ್ಲಿ ಮಾಜ್ಡಾ ಹತ್ತು ಲಕ್ಷನೇ ಮಿಯಾಟವನ್ನು ತಯಾರಿಸಿತು. ಅಂದರೆ ಇದು ಅಪರೂಪದ ಕಾರಲ್ಲ. ಬಿಡಿಭಾಗ ಸಲೀಸಾಗಿ ಸಿಗುತ್ತದೆ, ರಿಪೇರಿ ಗೊತ್ತಿರುವವರು ಎಲ್ಲೆಡೆ ಇದ್ದಾರೆ. ಮನೆಯಲ್ಲೇ ಸ್ಪ್ಯಾನರ್ ಹಿಡಿಯುವವನಿಗೆ ಬೇಕಾದ್ದೂ ಇದೇ.

ನಾನು 2016ರಲ್ಲಿ ಕೊಟ್ಟ ಬೆಲೆ 4,800 ಡಾಲರ್. ಇವತ್ತು ಅದೇ ಸ್ಥಿತಿಯ ಕಾರಿಗೆ ನಮ್ಮ ಏರಿಯಾದಲ್ಲಿ 8,500ರ ಆಸುಪಾಸು ಕೊಡುತ್ತಾರೆ. ವರ್ಷಕ್ಕೆ ಸುಮಾರು 6.5% ಚಕ್ರಬಡ್ಡಿ ಸಿಕ್ಕ ಹಾಗಾಯಿತು. ಪಾರ್ಟಿಯಲ್ಲಿ ಇಷ್ಟೇ ಹೇಳಿದರೆ ಎಲ್ಲರೂ ತಲೆದೂಗುತ್ತಾರೆ.

ಇನ್ನುಳಿದ ಸಾಲುಗಳನ್ನು ನೋಡಿ:

- ಬಿಡಿಭಾಗ, ಆಯಿಲ್, ಕೂಲಂಟ್, ಟೈರು: 6,900 ಡಾಲರ್
- ಟೂಲ್ಸ್: 1,400
- ಹೊರಗಿನ ಗ್ಯಾರೇಜಿಗೆ ಕೊಟ್ಟದ್ದು: 1,300
- ಮಾಡಿಫಿಕೇಶನ್: 2,600

ಒಟ್ಟು 12,200. ಕೊಂಡ ಬೆಲೆ ಸೇರಿಸಿದರೆ 17,000. ಇವತ್ತು ಮಾರಿದರೆ ಬರುವುದು 8,500. ಅಂದರೆ ಒಂಬತ್ತು ವರ್ಷಕ್ಕೆ ನಿವ್ವಳ ಖರ್ಚು 8,500 ಡಾಲರ್, ತಿಂಗಳಿಗೆ ಸುಮಾರು 79. ಇನ್ಶೂರೆನ್ಸು, ರಿಜಿಸ್ಟ್ರೇಶನ್ ತಿಂಗಳಿಗೆ ಇನ್ನೊಂದು 50. ಪೆಟ್ರೋಲು ಬೇರೆ.

6.5% ಲಾಭ ಎಂದು ಹೇಳುತ್ತಿದ್ದ ಕಾರೇ ತಿಂಗಳಿಗೆ 130 ಡಾಲರ್ ತಿನ್ನುತ್ತಿದೆ. "ಐದು ಸಾವಿರಕ್ಕೆ ತಗೊಂಡು ಹತ್ತು ಸಾವಿರಕ್ಕೆ ಮಾರಿದೆ" ಎಂಬ ಕತೆಗಳನ್ನು ಕೇಳುವಾಗ ನಡುವಿನ ಈ ಸಾಲುಗಳನ್ನು ಕೇಳಿ ತಿಳಿದುಕೊಳ್ಳಿ. ಸೈಟಿನ ಬೆಲೆ ಏರಿತು ಎನ್ನುವವರು ಕಂದಾಯ, ಬೇಲಿ, ಸಾಲದ ಬಡ್ಡಿ ಮರೆತ ಹಾಗೆಯೇ ಇದು. ವ್ಯತ್ಯಾಸವೆಂದರೆ ಸೈಟಿಗೆ ರೇಡಿಯೇಟರ್ ಇಲ್ಲ.

ಬೆಲೆ ಏರಲು ಕಾರಣವೂ ತಿಳಿದಿರಲಿ. 25 ವರ್ಷ ತುಂಬಿದ ಕಾರನ್ನು ಅಮೆರಿಕದ ಸುರಕ್ಷತಾ ಮಾನದಂಡಕ್ಕೆ ತಕ್ಕಂತೆ ಬದಲಾಯಿಸದೆಯೇ ಆಮದು ಮಾಡಿಕೊಳ್ಳಬಹುದು. 1989ರಲ್ಲಿ ಬಂದ ನಿಸಾನ್ ಸ್ಕೈಲೈನ್ ಆರ್32 ಜಿಟಿ-ಆರ್‌ಗೆ ಆ ಬಾಗಿಲು ತೆರೆದದ್ದು 2014ರಲ್ಲಿ, 1999ರ ಆರ್34ಗೆ 2024ರಲ್ಲಿ. ಆ ಕಾರುಗಳ ಹವಾ ಆ ಕಾಲದ ಬೇರೆ ಜಪಾನಿ ಕಾರುಗಳಿಗೂ ತಾಗಿದೆ. ಆದರೆ ಚಿಕ್ಕ ವಯಸ್ಸಿನಲ್ಲಿ ಗೋಡೆಗೆ ಅಂಟಿಸಿದ್ದ ಕಾರನ್ನು ಕೈಯಲ್ಲಿ ದುಡ್ಡು ಬಂದಾಗ ಕೊಳ್ಳುವವರ ಆಸೆಯ ಮೇಲೆ ನಿಂತ ಬೆಲೆ ಇದು. ಇದಕ್ಕೆ ಡಿವಿಡೆಂಡೂ ಇಲ್ಲ, ಬಾಡಿಗೆಯೂ ಇಲ್ಲ.

ತೆರಿಗೆಯ ಮಾತು ಇನ್ನೂ ವಿಚಿತ್ರ. ಅಮೆರಿಕದಲ್ಲಿ ಸ್ವಂತ ಬಳಕೆಯ ಕಾರನ್ನು ಲಾಭಕ್ಕೆ ಮಾರಿದರೆ ತೆರಿಗೆ ಇದೆ, ನಷ್ಟಕ್ಕೆ ಮಾರಿದರೆ ಕಳೆಯಲು ಬರುವುದಿಲ್ಲ. ಬ್ರಿಟನ್ನಿನಲ್ಲಿ ಖಾಸಗಿ ಕಾರಿನ ಮಾರಾಟಕ್ಕೆ ಕ್ಯಾಪಿಟಲ್ ಗೇನ್ಸ್ ತೆರಿಗೆಯೇ ಇಲ್ಲ. ಲಂಡನ್ ಗೆಳೆಯರು ಈ ವಿಷಯದಲ್ಲಿ ಅದೃಷ್ಟವಂತರು.

ನಿಜವಾದ ರಿಟರ್ನ್ ಇರುವುದು ನಿಮ್ಮ ಕೈಯಲ್ಲಿ

ಹಾಗಾದರೆ ನಾನೇಕೆ ಇನ್ನೂ ಇಟ್ಟುಕೊಂಡಿದ್ದೇನೆ? ಸ್ಪ್ರೆಡ್‌ಶೀಟಿನಲ್ಲಿ ಇನ್ನೊಂದು ಕಾಲಂ ಇದೆ, "ಉಳಿಸಿದ ಕೂಲಿ" ಅಂತ. ಇವೇ ಕೆಲಸಗಳನ್ನು ಹೊರಗೆ ಮಾಡಿಸಿದ್ದರೆ ಸುಮಾರು 11,000 ಡಾಲರ್ ಕೂಲಿ ಕೊಡಬೇಕಿತ್ತು. ನಾನು ಹಾಕಿದ ಸಮಯ 210 ಗಂಟೆ. ಗಂಟೆಗೆ 52 ಡಾಲರ್.

ಇದು ಸಂಬಳದ 52 ಅಲ್ಲ ಎಂಬುದನ್ನು ಗಮನಿಸಿ. ಉಳಿಸಿದ ಡಾಲರ್‌ಗೆ ತೆರಿಗೆ ಇಲ್ಲ. ಫೆಡರಲ್, ಕ್ಯಾಲಿಫೋರ್ನಿಯಾ ತೆರಿಗೆಗಳೆಲ್ಲ ಸೇರಿ ನಿಮ್ಮ ಕೊನೆಯ ಡಾಲರ್ ಮೇಲೆ 35% ಹೋಗುತ್ತದೆ ಎಂದಿಟ್ಟುಕೊಳ್ಳಿ. ಆಗ 52 ಡಾಲರ್ ಉಳಿಸುವುದೆಂದರೆ 80 ಡಾಲರ್ ಸಂಪಾದಿಸಿದ ಹಾಗೆ.

ಒಂದು ಉದಾಹರಣೆ ಕೊಡುತ್ತೇನೆ. ಈ ಎಂಜಿನ್ನಿನ ಟೈಮಿಂಗ್ ಬೆಲ್ಟನ್ನು ಸುಮಾರು 60,000 ಮೈಲಿಗೊಮ್ಮೆ ಬದಲಾಯಿಸಬೇಕು. ಬೆಲ್ಟ್ ಬಿಚ್ಚಿದಾಗಲೇ ವಾಟರ್ ಪಂಪು, ಆಯಿಲ್ ಸೀಲುಗಳನ್ನೂ ಹಾಕಿಬಿಡುವುದು ರೂಢಿ, ಏಕೆಂದರೆ ಎಲ್ಲವೂ ಒಂದೇ ಕವರಿನ ಹಿಂದಿವೆ. ಗ್ಯಾರೇಜಿನವರು ಹೇಳಿದ್ದು 1,150 ಡಾಲರ್. ಸಾಮಾನಿಗೆ ನನಗೆ ಬಿದ್ದದ್ದು 300. ಉಳಿದ 850 ಡಾಲರ್‌ಗೆ ಒಂಬತ್ತು ಗಂಟೆ ಕೆಲಸ, ಅಂದರೆ ಗಂಟೆಗೆ 94. ಅದೇ ಬಟ್ಟೆಯ ಟಾಪು ಬದಲಾಯಿಸುವಾಗ 500 ಡಾಲರ್ ಕೂಲಿ ಉಳಿಸಲು 14 ಗಂಟೆ ಬೇಕಾಯಿತು, ಗಂಟೆಗೆ 36. ಎಲ್ಲ ಕೆಲಸವೂ ಒಂದೇ ರೇಟಿನದ್ದಲ್ಲ.

"ನನ್ನ ಒಂದು ಗಂಟೆಗೆ ಕಂಪನಿ ಅದಕ್ಕಿಂತ ಜಾಸ್ತಿ ಕೊಡುತ್ತಲ್ಲ" ಎನ್ನುವವರಿದ್ದಾರೆ. ಕೊಡುತ್ತದೆ, ಆದರೆ ಶನಿವಾರ ಬೆಳಿಗ್ಗೆಯ ಗಂಟೆಯನ್ನು ಕೊಳ್ಳುತ್ತದೆಯೇ? ತಿಂಗಳ ಸಂಬಳದವನಿಗೆ ಆ ಗಂಟೆಗೆ ಗಿರಾಕಿಯೇ ಇಲ್ಲ. ಅದರ ನಿಜವಾದ ಬೆಲೆ ಡಾಲರ್‌ನಲ್ಲಿಲ್ಲ. ಅದು ಮಗಳ ಈಜು ಕ್ಲಾಸು, ಅಮ್ಮನ ಫೋನು, ಮಧ್ಯಾಹ್ನದ ನಿದ್ದೆ. ಆ ಲೆಕ್ಕವನ್ನು ನಿಮ್ಮ ಮನೆಯವರ ಜೊತೆ ಕೂತು ಮಾಡಿ, ನನ್ನ ಸ್ಪ್ರೆಡ್‌ಶೀಟಿನಿಂದಲ್ಲ.

ಟೂಲ್ಸ್‌ಗೆ ಹೆದರಬೇಡಿ. ಅಪರೂಪಕ್ಕೆ ಬೇಕಾಗುವ ಪುಲ್ಲರ್, ಕಂಪ್ರೆಶನ್ ಟೆಸ್ಟರ್ ಮುಂತಾದವನ್ನು ಆಟೋಜೋನ್, ಓ'ರೈಲಿಯಂಥ ಅಂಗಡಿಗಳು ಡೆಪಾಸಿಟ್ ಇಟ್ಟುಕೊಂಡು ಎರವಲು ಕೊಡುತ್ತವೆ, ವಾಪಸ್ ಕೊಟ್ಟಾಗ ಡೆಪಾಸಿಟ್ ಪೂರ್ತಿ ಹಿಂತಿರುಗುತ್ತದೆ. ಹಳೇ ಎಂಜಿನ್ ಆಯಿಲನ್ನೂ ಇಂಥ ಅಂಗಡಿಗಳಲ್ಲಿ ಪುಕ್ಕಟೆಯಾಗಿ ತೆಗೆದುಕೊಳ್ಳುತ್ತಾರೆ. ಕೂಲಂಟನ್ನು ಮಾತ್ರ ನೆಲದ ಮೇಲೆ ಚೆಲ್ಲಿ ಬಿಡಬೇಡಿ. ಸಿಹಿಯಾಗಿರುವ ವಿಷ ಅದು, ನಾಯಿ ಬೆಕ್ಕು ನೆಕ್ಕಿದರೆ ಉಳಿಯುವುದಿಲ್ಲ.

ಇನ್ನೊಂದು ಮಾತು. ಬಾಡಿಗೆ ಮನೆಯಾದರೆ ಕರಾರು ಪತ್ರ ಓದಿ, ಸ್ವಂತ ಮನೆಯಾದರೆ ಎಚ್‌ಓಎ ನಿಯಮ ಮತ್ತು ನಿಮ್ಮ ಊರಿನ ಕಟ್ಟಳೆ ನೋಡಿ. ಎಷ್ಟೋ ಕಡೆ ಡ್ರೈವ್‌ವೇಯಲ್ಲಿ ದೊಡ್ಡ ರಿಪೇರಿ ಮಾಡುವಂತಿಲ್ಲ.

ಮೂರು ಡಬ್ಬಿ

ಹಳೇ ಕಾರಿನ ಖರ್ಚನ್ನು ನಾನು ಮೂರು ಡಬ್ಬಿಗಳಲ್ಲಿ ಇಡುತ್ತೇನೆ. ಅಡುಗೆಮನೆಯಲ್ಲಿ ನಮ್ಮ ಅಜ್ಜಿ ಸಾಸಿವೆ ಡಬ್ಬಿಯಲ್ಲಿ ದುಡ್ಡು ಬೇರೆ ಬೇರೆ ಇಡುತ್ತಿದ್ದ ಹಾಗೆ.

ಮೊದಲನೆಯದು ಜೀವದ ಡಬ್ಬಿ: ಬ್ರೇಕು, ಟೈರು, ಸ್ಟೀರಿಂಗು, ಸಸ್ಪೆನ್ಶನ್ ಜಾಯಿಂಟುಗಳು, ಪೆಟ್ರೋಲ್ ಪೈಪು, ಸೀಟ್‌ಬೆಲ್ಟು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಹಾಗಾಗಿ ನಾನು ಎರಡು ವರ್ಷಕ್ಕೊಮ್ಮೆ ಬದಲಾಯಿಸುತ್ತೇನೆ. ಟೈರಿನ ಪಕ್ಕದಲ್ಲಿ ನಾಲ್ಕಂಕಿಯ ಸಂಖ್ಯೆ ಇರುತ್ತದೆ: ಮೊದಲೆರಡು ವಾರ, ಕೊನೆಯೆರಡು ವರ್ಷ. 1517 ಅಂದರೆ 2017ರ 15ನೇ ವಾರ. ಥ್ರೆಡ್ ಚೆನ್ನಾಗಿದೆ ಎಂದು ಹತ್ತು ವರ್ಷದ ಟೈರಿನಲ್ಲಿ ಹೈವೇಗೆ ಹೋಗಬೇಡಿ. ಕಡಿಮೆ ಓಡುವ ಇಂಥ ಕಾರುಗಳಲ್ಲಿ ಟೈರು ಸವೆಯುವ ಮೊದಲೇ ಮುದಿಯಾಗುತ್ತದೆ.

ಎರಡನೆಯದು ಓಟದ ಡಬ್ಬಿ: ಟೈಮಿಂಗ್ ಬೆಲ್ಟು, ರೇಡಿಯೇಟರು, ಹೋಸುಗಳು, ಕ್ಲಚ್ಚು. ನನ್ನ ಮಾದರಿಯ ಕಾರಿನಲ್ಲಿ ಮೂಲ ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕು ಕಪ್ಪು ಬಣ್ಣ ಬಿಟ್ಟು ಕಂದಾಯಿತು ಅಂದರೆ ಬಿರುಕು ಬಿಡುವ ಕಾಲ ಹತ್ತಿರ ಬಂತು ಅಂತಲೇ ಅರ್ಥ. ಕ್ಲಚ್ಚಿನ ಸ್ಲೇವ್ ಸಿಲಿಂಡರ್ ಸೋರುವುದೂ ಇದರ ಹುಟ್ಟುಗುಣ. ಸಾಮಾನು ಅಗ್ಗ, ಕೆಲಸ ಒಂದೆರಡು ಗಂಟೆ. ಆದರೆ ಅದು ಕೈಕೊಡುವುದು ಮನೆ ಮುಂದಲ್ಲ, ದಾರಿ ಮಧ್ಯದಲ್ಲಿ.

ಮೂರನೆಯದು ಆಸೆಯ ಡಬ್ಬಿ: ಕಾಯಿಲ್‌ಓವರ್, ಅಲಾಯ್ ವೀಲು, ಎಕ್ಸಾಸ್ಟು, ಸೀಟು, ಟರ್ಬೊ.

ನಿಯಮ ಒಂದೇ. ಮೊದಲೆರಡು ಡಬ್ಬಿಯಲ್ಲಿ ಬಾಕಿ ಕೆಲಸ ಇರುವಾಗ ಮೂರನೆಯದಕ್ಕೆ ಕೈ ಹಾಕುವಂತಿಲ್ಲ. ಪ್ರತಿ ತಿಂಗಳು 100 ಡಾಲರ್ ಒಂದು ಬೇರೆ ಸೇವಿಂಗ್ಸ್ ಖಾತೆಗೆ ಹೋಗುತ್ತದೆ. ಮುಂದಿನ ಹನ್ನೆರಡು ತಿಂಗಳಲ್ಲಿ ಬರಬಹುದಾದ ರಿಪೇರಿಗಳ ಪಟ್ಟಿ ಆ ಖಾತೆಯ ಮೊತ್ತಕ್ಕಿಂತ ದೊಡ್ಡದಿದ್ದರೆ ಆಸೆ ಕಾಯುತ್ತದೆ. 130 ಕುದುರೆ ಶಕ್ತಿಯನ್ನು 200 ಮಾಡುವ ಮೊದಲು ಆ 200ನ್ನು ನಿಲ್ಲಿಸುವ ಬ್ರೇಕು ಸರಿಯಿರಬೇಕು. ಇದಕ್ಕೆ ಎಂಬಿಎ ಬೇಕಿಲ್ಲ.

ಮಾಡಿಫಿಕೇಶನ್: ಹಿಂತಿರುಗುವ ದಾರಿ ಇದೆಯೇ?

ಮಾಡಿಫಿಕೇಶನ್‌ಗೆ ಹಾಕಿದ ದುಡ್ಡು ಮಾರುವಾಗ ಪೂರ್ತಿ ವಾಪಸ್ ಬರುವುದು ಅಪರೂಪ. ನಿಮ್ಮ ರುಚಿಗೆ ಮುಂದಿನವನು ಏಕೆ ಬೆಲೆ ಕೊಡಬೇಕು? ಆದರೆ ಎಲ್ಲ ಮಾಡಿಫಿಕೇಶನ್‌ಗಳೂ ಒಂದೇ ಅಲ್ಲ. ನಾನು ಕೇಳಿಕೊಳ್ಳುವ ಪ್ರಶ್ನೆ ಇದು: ಒಂದು ವಾರಾಂತ್ಯದಲ್ಲಿ ಇದನ್ನು ಬಿಚ್ಚಿ ಕಂಪನಿಯಿಂದ ಬಂದ ಸ್ಥಿತಿಗೆ ತರಬಹುದೇ?

ಅಲ್ಯೂಮಿನಿಯಂ ರೇಡಿಯೇಟರ್, ಸ್ಟೀಲ್ ಹೊದಿಕೆಯ ಬ್ರೇಕ್ ಪೈಪು ಮುಂತಾದವು ರಿಪೇರಿಯ ಜೊತೆಗೇ ಆಗುವ ಸುಧಾರಣೆಗಳು. ಇವು ಕಾರಿನ ಬೆಲೆಯನ್ನು ಕೆಡಿಸುವುದಿಲ್ಲ. ವೀಲು, ಸಸ್ಪೆನ್ಶನ್ನು, ಸೀಟುಗಳನ್ನು ಬಿಚ್ಚಿ ಬೇರೆಯಾಗಿ ಮಾರಬಹುದು, ಅಷ್ಟಿಷ್ಟು ಹಣ ಬರುತ್ತದೆ. ಬಾಡಿ ಕತ್ತರಿಸಿದ್ದು, ವೆಲ್ಡಿಂಗ್ ಮಾಡಿದ್ದು, ವೈರಿಂಗ್ ಕುಯ್ದದ್ದು ಮಾತ್ರ ಒಂದೇ ದಿಕ್ಕಿನ ದಾರಿ. ಅಲ್ಲಿಂದ ಮುಂದೆ ನಿಮ್ಮ ಕಾರಿಗೆ ನಿಮ್ಮಂಥವನೇ ಗಿರಾಕಿ ಆಗಬೇಕು.

ಆದ್ದರಿಂದ ಬಿಚ್ಚಿದ ಒರಿಜಿನಲ್ ಭಾಗವನ್ನು ಎಂದಿಗೂ ಎಸೆಯಬೇಡಿ. ಹಣಕಾಸಿನ ಭಾಷೆಯಲ್ಲಿ ಅದು ಒಂದು ಆಪ್ಶನ್. ಗ್ಯಾರೇಜಿನ ಅಟ್ಟದಲ್ಲಿ ಒಂದು ಪ್ಲಾಸ್ಟಿಕ್ ಪೆಟ್ಟಿಯ ಜಾಗ ಅದರ ಪ್ರೀಮಿಯಂ. ಈ ಆಪ್ಶನ್ ಎಷ್ಟು ಬೆಲೆ ಬಾಳುತ್ತದೆ ಎಂಬುದಕ್ಕೆ ನಾನು ಕಣ್ಣಾರೆ ಕಂಡ ಒಂದು ಲೆಕ್ಕ ಇದೆ.

ಅರವತ್ತು ದಿನ

ನಮ್ಮ ಕನ್ನಡ ಕೂಟದಲ್ಲಿ ಪರಿಚಯವಾದ ಹುಡುಗ, ಹಾಸನದ ಕಡೆಯವನು. ಎಚ್‌-1ಬಿ ವೀಸಾ. ಅವನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಅವನದ್ದೂ ಮಿಯಾಟವೇ, 1996ರದ್ದು. 7,500ಕ್ಕೆ ತಗೊಂಡ. ಒಂದೂವರೆ ವರ್ಷದಲ್ಲಿ ಟರ್ಬೊ, ಕಾಯಿಲ್‌ಓವರು, ವೀಲು, ಗಟ್ಟಿ ಕ್ಲಚ್ಚು ಎಂದು 8,200 ಹಾಕಿದ. ಅದರಲ್ಲಿ ಟರ್ಬೊದ ಹಣ ಪರ್ಸನಲ್ ಲೋನು. ಕೈ ಚೆನ್ನಾಗಿದೆ ಅವನದ್ದು, ನನಗಿಂತ ಚೊಕ್ಕವಾಗಿ ಕೆಲಸ ಮಾಡುತ್ತಾನೆ.

ಒಂದು ಮಂಗಳವಾರ ಫೋನ್ ಮಾಡಿದ. "ಅಣ್ಣ, ಲೇಆಫ್ ಆಯ್ತು. ಕಾರು ಸ್ಟ್ಯಾಂಡ್ ಮೇಲಿದೆ. ಗೇರ್‌ಬಾಕ್ಸ್ ನೆಲದ ಮೇಲಿದೆ."

ಎಚ್‌-1ಬಿಯಲ್ಲಿರುವವರಿಗೆ ಕೆಲಸ ಹೋದರೆ ಸಿಗುವುದು ಗರಿಷ್ಠ 60 ದಿನ. ಅಷ್ಟರಲ್ಲಿ ಹೊಸ ಕಂಪನಿ ಅರ್ಜಿ ಸಲ್ಲಿಸಬೇಕು, ಇಲ್ಲವೇ ವೀಸಾ ಬದಲಾಯಿಸಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. ಇಂಡೆಕ್ಸ್ ಫಂಡನ್ನು ಮಾರಿದರೆ ಎರಡು ಮೂರು ದಿನದಲ್ಲಿ ದುಡ್ಡು ಕೈಗೆ ಬರುತ್ತದೆ. ಗೇರ್‌ಬಾಕ್ಸ್ ಬಿಚ್ಚಿದ ಕಾರು ಹಾಗಲ್ಲ.

ಇನ್ನೊಂದು ಗಂಟೂ ಇತ್ತು. ಕ್ಯಾಲಿಫೋರ್ನಿಯಾದಲ್ಲಿ 1976 ಮತ್ತು ನಂತರದ ಪೆಟ್ರೋಲ್ ಕಾರುಗಳಿಗೆ, ತೀರಾ ಹೊಸವನ್ನು ಬಿಟ್ಟು, ಎರಡು ವರ್ಷಕ್ಕೊಮ್ಮೆ ಸ್ಮಾಗ್ ಚೆಕ್ ಆಗಬೇಕು. ಕಾರು ಮಾರುವಾಗ ಸ್ಮಾಗ್ ಸರ್ಟಿಫಿಕೇಟ್ ಕೊಡುವುದು ಮಾರುವವನ ಹೊಣೆ. ಹೊಗೆಯನ್ನಷ್ಟೇ ನೋಡುವುದಿಲ್ಲ, ಬಾನೆಟ್ ತೆಗೆದು ಭಾಗಗಳನ್ನೂ ನೋಡುತ್ತಾರೆ. ಎಂಜಿನ್ನಿನ ಹೊಗೆಗೆ ಸಂಬಂಧಪಟ್ಟ ಹೊರಗಿನ ಭಾಗಕ್ಕೆ ರಾಜ್ಯದ ವಾಯು ಮಂಡಳಿಯ ಅನುಮೋದನೆ ಸಂಖ್ಯೆ ಇರಬೇಕು. ಅವನ ಟರ್ಬೊಗೆ ಅದು ಇರಲಿಲ್ಲ. 2021ರ ಜುಲೈಯಿಂದ ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ತಿದ್ದಿದ ಕಾರುಗಳೂ ಈ ಪರೀಕ್ಷೆಯಲ್ಲಿ ಫೇಲಾಗುತ್ತವೆ.

ಬಿಡಿಭಾಗಕ್ಕಾಗಿ ಕಾರು ಒಡೆಯುವವನೊಬ್ಬ ಬಂದು ನೋಡಿ, ಇದ್ದಹಾಗೇ ಎತ್ತಿಕೊಂಡು ಹೋಗಲು 2,500 ಡಾಲರ್ ಎಂದ. 15,700 ಹಾಕಿದ ಕಾರಿಗೆ.

ಹುಡುಗನನ್ನು ಉಳಿಸಿದ್ದು ಗ್ಯಾರೇಜಿನ ಮೂಲೆಯಲ್ಲಿದ್ದ ಎರಡು ಪೆಟ್ಟಿಗೆ. ಮೂಲ ಎಕ್ಸಾಸ್ಟ್ ಮ್ಯಾನಿಫೋಲ್ಡು, ಏರ್‌ಬಾಕ್ಸು, ಇಂಜೆಕ್ಟರುಗಳು, ಕಂಪ್ಯೂಟರು, ಸ್ಪ್ರಿಂಗುಗಳು. ಪ್ರತಿಯೊಂದಕ್ಕೂ ಚೀಟಿ ಅಂಟಿಸಿ, ಬೋಲ್ಟುಗಳನ್ನು ಜಿಪ್‌ಲಾಕ್ ಕವರಿನಲ್ಲಿ ಹಾಕಿಟ್ಟಿದ್ದ. ಎರಡು ವಾರಾಂತ್ಯ ಕೂತು ಎಲ್ಲವನ್ನೂ ಮೊದಲಿನಂತೆ ಜೋಡಿಸಿದೆವು. ಹಗಲು ಇಂಟರ್‌ವ್ಯೂ, ರಾತ್ರಿ ಸ್ಪ್ಯಾನರ್. ಅವನ ಹೆಂಡತಿ ಚಿತ್ರಾನ್ನದ ಡಬ್ಬಿ ತಂದಿಟ್ಟು, ಕಾರಿನ ಕಡೆ ನೋಡದೆ ಒಳಗೆ ಹೋಗುತ್ತಿದ್ದಳು. ಮೂರನೇ ವಾರ ಸ್ಮಾಗ್ ಪಾಸಾಯಿತು.

ಕಾರು 6,900ಕ್ಕೆ ಹೋಯಿತು. ಟರ್ಬೊ, ವೀಲು, ಉಳಿದವು ಬಿಡಿಯಾಗಿ 3,300ಕ್ಕೆ. ಒಟ್ಟು 10,200. ಆ ಎರಡು ಪೆಟ್ಟಿಗೆಗಳ ಬೆಲೆ 7,700 ಡಾಲರ್ ಎಂದಾಯಿತು. ಲೋನು ತೀರಿತು, ಎರಡು ತಿಂಗಳ ಬಾಡಿಗೆಗೂ ಸಾಕಾಯಿತು. ಹೊಸ ಕಂಪನಿ ಅವನ ಅರ್ಜಿ ಸಲ್ಲಿಸಿದ್ದು 52ನೇ ದಿನ. ಅಷ್ಟು ದಿನ ಅವನು ಹೆದರಿ ಸಿಕ್ಕ ಮೊದಲ ಕೆಲಸಕ್ಕೆ ಹೂಂ ಎನ್ನದೆ ನಿಂತದ್ದು ಆ ಹಣದ ಬಲದಿಂದಲೂ ಹೌದು.

ನಷ್ಟ 5,500 ಡಾಲರ್. ತಿಂಗಳಿಗೆ ಸುಮಾರು 305. ಅವನು ಅದನ್ನು "ಫೀಸು" ಅನ್ನುತ್ತಾನೆ.

ವೀಸಾದ ಮೇಲಿರುವ ಓದುಗರಿಗೆ ಇದರಿಂದ ಮೂರು ಮಾತು. ಒಂದು, ಆರು ತಿಂಗಳ ಖರ್ಚಿನ ತುರ್ತು ನಿಧಿ ಬೇರೆ ಇಲ್ಲದೆ ಪ್ರಾಜೆಕ್ಟ್ ಕಾರಿಗೆ ಕೈ ಹಾಕಬೇಡಿ. ಎರಡು, ಮಾಡಿಫಿಕೇಶನ್‌ಗೆ ಸಾಲ ಬೇಡವೇ ಬೇಡ. ಮೂರು, ಎರಡು ವಾರಾಂತ್ಯಕ್ಕಿಂತ ಹೆಚ್ಚು ಕಾಲ ಕಾರು ಓಡದ ಸ್ಥಿತಿಯಲ್ಲಿ ಬಿಡಬೇಡಿ. ಓಡುವ ಕಾರಿಗೆ ಬೆಲೆ ಇದೆ, ಬಿಚ್ಚಿದ ಕಾರಿಗೆ ಇರುವುದು ಗುಜರಿ ರೇಟು.

ಊರಿಗೆ ತಗೊಂಡು ಹೋಗಬಹುದೇ?

ಇದನ್ನೂ ಕೇಳುತ್ತಾರೆ. ಮೈಸೂರಿನಲ್ಲೇ ತಯಾರಾದ ಜಾವಾ, ಯೆಜ್ಡಿ ನೋಡಿ ಬೆಳೆದವರು, ಶಿವಾಜಿನಗರದ ಗುಜರಿಯಲ್ಲಿ ಪಾರ್ಟ್ಸ್ ಹುಡುಕಿ ಆರ್‌ಎಕ್ಸ್ 100 ಸರಿಮಾಡಿದವರು ನಾವು. ಆಸೆ ಸಹಜ. ಆದರೆ ಭಾರತದ ಸಾಮಾನ್ಯ ನಿಯಮದಲ್ಲಿ ಮೂರು ವರ್ಷಕ್ಕಿಂತ ಹಳೆಯ ಬಳಸಿದ ಕಾರನ್ನು ಆಮದು ಮಾಡಿಕೊಳ್ಳುವಂತಿಲ್ಲ, ಸ್ಟೀರಿಂಗೂ ಬಲಗಡೆ ಇರಬೇಕು. ಸುಂಕದ ಮಾತು ಅದಾದ ಮೇಲೆ.

ಊರಲ್ಲೇ ಹಳೇ ಕಾರು ತಗೊಂಡು ಮಾಡಿಫೈ ಮಾಡುವ ಯೋಚನೆ ಇದ್ದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನೋಡಿ. ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಬದಲಾಯಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಆದ್ದರಿಂದ ಇಲ್ಲಿನ ಕಾರು ಇಲ್ಲಿಗೇ. ಊರಿಗೆ ಹೋಗುವ ವರ್ಷ ಗೊತ್ತಿದ್ದರೆ ಅದಕ್ಕಿಂತ ಆರು ತಿಂಗಳ ಮೊದಲೇ ಮಾರಾಟಕ್ಕಿಡಿ. ಬಟ್ಟೆ ಟಾಪಿನ ಕಾರಾದರೆ ವಸಂತದಲ್ಲಿ. ಡಿಸೆಂಬರ್ ಮಳೆಯಲ್ಲಿ ಅದನ್ನು ಯಾರೂ ಕೇಳುವುದಿಲ್ಲ.

ಬೇರೆ ದೇಶಗಳಲ್ಲಿರುವವರಿಗೆ ಸಂಕ್ಷಿಪ್ತವಾಗಿ: ಜರ್ಮನಿಯಲ್ಲಿ ಅನುಮೋದನೆ ಪತ್ರವಿಲ್ಲದ ಮಾಡಿಫಿಕೇಶನ್ನಿನಿಂದ ಕಾರಿನ ಓಡಾಟದ ಪರವಾನಗಿಯೇ ರದ್ದಾಗಬಹುದು, ಟ್ಯೂಫ್‌ನಂಥ ಸಂಸ್ಥೆಯಲ್ಲಿ ತೋರಿಸಿ ದಾಖಲು ಮಾಡಿಸಿ. 30 ವರ್ಷ ತುಂಬಿ ಮೂಲರೂಪದಲ್ಲಿದ್ದರೆ 'ಎಚ್' ನಂಬರ್ ಪ್ಲೇಟಿಗೆ ಅರ್ಹತೆ ಸಿಗುತ್ತದೆ. ಬ್ರಿಟನ್ನಿನಲ್ಲಿ 40 ವರ್ಷ ದಾಟಿದ ಕಾರಿಗೆ ರಸ್ತೆ ತೆರಿಗೆ ವಿನಾಯಿತಿ ಇದೆ. ಎಂಓಟಿ ವಿನಾಯಿತಿಯೂ ಇದೆ, ಆದರೆ ಭಾರೀ ಬದಲಾವಣೆ ಮಾಡಿದ ಕಾರಿಗೆ ಅದು ಸಿಗುವುದಿಲ್ಲ. ಸಿಂಗಾಪುರದಲ್ಲಿ ಹತ್ತು ವರ್ಷದ ಸಿಓಇ ಮುಗಿದ ಮೇಲೆ ಮತ್ತೆ ದುಡ್ಡು ಕಟ್ಟಿಯೇ ಕಾರು ಉಳಿಸಿಕೊಳ್ಳಬೇಕು. ಅಲ್ಲಿ ಈ ಹವ್ಯಾಸದ ಲೆಕ್ಕವೇ ಬೇರೆ.

ಇನ್ಶೂರೆನ್ಸ್: ಹೇಳದೇ ಇದ್ದದ್ದು ಇಲ್ಲದ ಹಾಗೆ

ಸಾಮಾನ್ಯ ಪಾಲಿಸಿ ಕೊಡುವುದು ಅಪಘಾತದ ದಿನದ ಮಾರುಕಟ್ಟೆ ಬೆಲೆಯನ್ನು. ಕಂಪನಿಯವರ ಕಣ್ಣಿಗೆ ನಿಮ್ಮದು ಮೂವತ್ತು ವರ್ಷದ ಹಳೇ ಕಾರು, ಅಷ್ಟೇ. ಹೊರಗಿನಿಂದ ಹಾಕಿಸಿದ ಭಾಗಗಳನ್ನು ಪಾಲಿಸಿಯಲ್ಲಿ ಸೇರಿಸದಿದ್ದರೆ ಅವುಗಳಿಗೆ ಪರಿಹಾರ ಅಲ್ಪ, ಇಲ್ಲವೇ ಶೂನ್ಯ. ಹಳೇ ಕಾರುಗಳಿಗೆಂದೇ ಮೊದಲೇ ಒಪ್ಪಿದ ಮೊತ್ತದ ಪಾಲಿಸಿಗಳಿವೆ. ಅವುಗಳ ಷರತ್ತು ಸಾಮಾನ್ಯವಾಗಿ ಹೀಗಿರುತ್ತದೆ: ದಿನಬಳಕೆಗೆ ಬೇರೆ ಕಾರು ಇರಬೇಕು, ಇದನ್ನು ಬಾಗಿಲಿರುವ ಗ್ಯಾರೇಜಿನಲ್ಲಿ ನಿಲ್ಲಿಸಬೇಕು, ಆಫೀಸಿಗೆ ಓಡಿಸುವಂತಿಲ್ಲ. ನನ್ನ ಬಳಕೆಗೆ ಅದೇ ಅಗ್ಗವಾಯಿತು. ಮಾಡಿದ ಬದಲಾವಣೆಯನ್ನು ಮುಚ್ಚಿಡಬೇಡಿ. ಪ್ರೀಮಿಯಂನಲ್ಲಿ ಉಳಿಸಿದ ನೂರು ಡಾಲರ್ ಕ್ಲೇಮಿನ ದಿನ ಸಾವಿರಗಳನ್ನು ಕೇಳುತ್ತದೆ.

ಜ್ಯಾಕ್ ನಂಬಬೇಡಿ

ಹಣದ ಬ್ಲಾಗಿನಲ್ಲಿ ಇದೇಕೆ ಎನ್ನಬೇಡಿ. ಮನೆಯ ಅತಿ ದೊಡ್ಡ ಆಸ್ತಿ ದುಡಿಯುವ ದೇಹ. ಹೈಡ್ರಾಲಿಕ್ ಜ್ಯಾಕ್ ಇರುವುದು ಎತ್ತುವುದಕ್ಕೆ, ಹಿಡಿದಿಡುವುದಕ್ಕಲ್ಲ. ಸಮತಟ್ಟಾದ ಕಾಂಕ್ರೀಟು, ಚಕ್ರಕ್ಕೆ ಅಡ್ಡಗಟ್ಟೆ, ಕಾರಿನ ಭಾರ ಜ್ಯಾಕ್ ಸ್ಟ್ಯಾಂಡಿನ ಮೇಲೆ; ಕೆಳಗೆ ಹೋಗುವ ಮೊದಲು ಕಾರನ್ನು ಕೈಯಿಂದ ಜೋರಾಗಿ ಅಲ್ಲಾಡಿಸಿ ನೋಡಿ. ಬಿಚ್ಚಿದ ಚಕ್ರವನ್ನು ಕಾರಿನ ಅಡಿಗೆ ತಳ್ಳಿಟ್ಟರೆ ಇನ್ನೊಂದು ಆಸರೆ. ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಓಡಿಸಬೇಡಿ. ವೀಲ್ ನಟ್ಟುಗಳನ್ನು ಅಂದಾಜಿನಲ್ಲಿ ಬಿಗಿಯಬೇಡಿ. ನನ್ನ ಕಾರಿಗೆ 65ರಿಂದ 87 ಪೌಂಡ್-ಅಡಿ, ಟಾರ್ಕ್ ರೆಂಚಿನಲ್ಲೇ. ಮನೆಯಲ್ಲಿ ಯಾರೂ ಇಲ್ಲದಾಗ ನಾನು ಕಾರಿನ ಅಡಿಗೆ ಹೋಗುವುದಿಲ್ಲ.

ಏಸಿ ಗ್ಯಾಸು, ವೀಲ್ ಅಲೈನ್‌ಮೆಂಟು, ಟೈರ್ ಹಾಕುವುದು, ವೆಲ್ಡಿಂಗು, ಎಂಜಿನ್ನಿನ ಒಳಗಿನ ಮಶೀನ್ ಕೆಲಸ ಇವೆಲ್ಲ ಹೊರಗೆ. ನನ್ನ ಹಾಳೆಯ ಆ 1,300 ಡಾಲರ್ ಇದಕ್ಕೇ ಹೋದದ್ದು. ಒಂದು ಡಾಲರೂ ದಂಡವಾಗಿಲ್ಲ.

ಕೊಳ್ಳುವ ಮುಂಚೆ

ಬೇರೆಯವರು ಮಾಡಿಫೈ ಮಾಡಿದ ಕಾರನ್ನು ಕೊಂಡರೆ ಅವರ ನಷ್ಟ ನಿಮ್ಮ ಉಳಿತಾಯ. ಜೊತೆಗೆ ಅವರ ಕೈಕೆಲಸವೂ ನಿಮ್ಮದಾಗುತ್ತದೆ. ಹಾಗಾಗಿ ಇಷ್ಟು ನೋಡಿ:

1. ಡ್ಯಾಶ್‌ಬೋರ್ಡಿನ ಕೆಳಗೆ ಟಾರ್ಚ್ ಬಿಡಿ. ಟೇಪು ಸುತ್ತಿದ ವೈರುಗಳ ಗಂಟು ಕಂಡರೆ ಬೆಲೆ ಇಳಿಸಿ, ಇಲ್ಲವೇ ಎದ್ದು ಬನ್ನಿ.
2. ರಶೀದಿಗಳ ಫೈಲು ಕೇಳಿ. ಟರ್ಬೊದ ರಶೀದಿ ಇದ್ದು ಟೈಮಿಂಗ್ ಬೆಲ್ಟಿನದ್ದು ಇಲ್ಲದಿದ್ದರೆ ಮಾಲೀಕನ ಡಬ್ಬಿಗಳ ಕ್ರಮ ಗೊತ್ತಾಗುತ್ತದೆ.
3. ತುಕ್ಕು ನೋಡಿ. ಮಿಯಾಟದಲ್ಲಾದರೆ ಟಾಪಿನ ನೀರು ಇಳಿಯುವ ಕಿಂಡಿ ಕಟ್ಟಿಕೊಂಡು ಬಾಗಿಲ ಕೆಳಗಿನ ಪಟ್ಟಿ, ಹಿಂದಿನ ಚಕ್ರದ ಮುಂಭಾಗ ಒಳಗಿಂದ ಕೊಳೆಯುತ್ತವೆ. ಯಂತ್ರ ಬದಲಾಯಿಸಬಹುದು, ಕೊಳೆತ ಲೋಹ ಕಷ್ಟ.
4. ಎಂಜಿನ್ ಕಂಪ್ರೆಶನ್ ಟೆಸ್ಟ್ ಮಾಡಿಸಿ. ಒಪ್ಪದ ಮಾಲೀಕನ ಕಾರು ಬೇಡ.
5. ಸ್ಮಾಗ್ ಸರ್ಟಿಫಿಕೇಟ್, ಟೈಟಲ್ ಕೈಯಲ್ಲಿ ಹಿಡಿದು ನೋಡದೆ ದುಡ್ಡು ಕೊಡಬೇಡಿ.
6. ಒರಿಜಿನಲ್ ಭಾಗಗಳ ಪೆಟ್ಟಿಗೆ ಎಲ್ಲಿದೆ ಎಂದು ಕೇಳಿ. ಇದ್ದರೆ ಅದಕ್ಕೆ ಬೇರೆ ದುಡ್ಡು ಕೊಟ್ಟಾದರೂ ತಗೊಳ್ಳಿ.

ನನ್ನ ನೆಟ್‌ವರ್ತ್ ಹಾಳೆಯಲ್ಲಿ ಮಿಯಾಟದ ಬೆಲೆ ಸೊನ್ನೆ ಎಂದೇ ಬರೆದಿದ್ದೇನೆ. ನಾಳೆ 8,500 ಬಂದರೆ ಸಂತೋಷ, ಬಾರದಿದ್ದರೆ ಮಗಳ ಕಾಲೇಜಿನ ಲೆಕ್ಕ ಅಲುಗುವುದಿಲ್ಲ. ತಿಂಗಳ 130 ಡಾಲರ್ "ಮನರಂಜನೆ" ಸಾಲಿನಲ್ಲಿದೆ. ಆ ಸಾಲಿನಲ್ಲಿಟ್ಟು ನೋಡಿದರೆ ಅದು ದುಬಾರಿ ಅನಿಸುವುದಿಲ್ಲ. ಗಾಲ್ಫ್ ಆಡುವ ಗೆಳೆಯರ ಖರ್ಚು ಕೇಳಿದ್ದೇನೆ. ಆಸ್ತಿಯ ಸಾಲಿಗೆ ಹಾಕಿದ ದಿನ ಮಾತ್ರ ಅದು ದುಬಾರಿಯಾಗುತ್ತದೆ, ಏಕೆಂದರೆ ಆಗ ಅದರ ಮೇಲೆ ಭಾರ ಹಾಕುತ್ತೀರಿ. ಭಾರ ಹೊರುವ ಶಕ್ತಿ ಅದಕ್ಕಿಲ್ಲ.

ಇಲ್ಲಿರುವುದು ನನ್ನ ಲೆಕ್ಕ ಮತ್ತು ಅನುಭವ. ನಿಮ್ಮ ತೆರಿಗೆ, ವೀಸಾ ವಿಷಯಕ್ಕೆ ನಿಮ್ಮ ಸಿಪಿಎ, ವಕೀಲರನ್ನು ಕೇಳಿಯೇ ಮುಂದುವರಿಯಿರಿ. ಮುಂದಿನ ವಾರ ಮತ್ತೆ ನಮ್ಮ ಹಳೇ ವಿಷಯಕ್ಕೆ: ಊರಿನ ಬಾಡಿಗೆ ಮನೆಯ ಆದಾಯ ಮತ್ತು ಎರಡು ದೇಶದ ತೆರಿಗೆ.